ಹುಲಿಗಿಯ ಸೀಮೆಯನ್ನು ಮನೆಬಂಡಿಯಲ್ಲಿ ಏಕೆ ನೋಡಬೇಕು?

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಪ್ರವಾಸದ ಲೇಖನವನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಳಿಯ ಸೋದರಿಯರು ಕೇಳಿದಾಗ ನನಗೆ ಮೊದಲು ಸಂಕೋಚವೇ ಆಯಿತು. ಹಳೆಯ ವಿದ್ಯಾರ್ಥಿನಿಯರಲ್ಲಿ ಸಮುದ್ರವನ್ನು ದಾಟಿ ಹೋದವರಿದ್ದಾರೆ; ಹಿಮದ ಬೆಟ್ಟಗಳನ್ನು ಕಣ್ಣಾರೆ ಕಂಡವರಿದ್ದಾರೆ. ನಾನಾದರೋ ಮೂವತ್ತೊಂದು ವರ್ಷಗಳ ವರೆಗೆ ಮಕ್ಕಳಿಗೆ ಭೂಗೋಲವನ್ನು ಕಲಿಸಿ, ಯೂರೋಪಿನ ನದಿಗಳನ್ನೆಲ್ಲ ಕರಿಹಲಗೆಯ ಮೇಲೆ ಹರಿಯಿಸಿ, ಗದಗಿನ ಮನೆಯಲ್ಲಿಯೇ ತಲೆ ನರೆಯಿಸಿಕೊಂಡವಳು. ಆದರೂ 2024ನೆಯ ಮೇ ತಿಂಗಳಲ್ಲಿ ನಾನು ಮಾಡಿದ ಐದು ರಾತ್ರಿಗಳ ಒಂದು ಪ್ರಯಾಣವು ಪಾಲಕರಿಗೂ ಸೋದರಿಯರಿಗೂ ಉಪಯೋಗವಾದೀತೆಂದು ತೋರಿದ್ದರಿಂದ ಅದನ್ನೇ ಇಲ್ಲಿ ಬರೆಯುತ್ತೇನೆ.

ಈ ಪ್ರಯಾಣಕ್ಕೆ ಮೂಲವಾದದ್ದು ಒಂದು ಪತ್ರ. ನನ್ನ ಸಹಪಾಠಿಯೊಬ್ಬಳ ಮಗಳು ಜರ್ಮನಿಯಲ್ಲಿರುವಳು. ಅವಳು ಗಂಡಮಕ್ಕಳೊಡನೆ, ಮಂಚ ಒಲೆಗಳೆಲ್ಲ ಒಳಗೇ ಇರುವ ಒಂದು ಮೋಟಾರು ವಾಹನದಲ್ಲಿ ಸ್ಲೊವೇನಿಯಾ ದೇಶವನ್ನು ಸುತ್ತಿ ಬಂದು, ಅದರ ವರ್ಣನೆಯನ್ನು ಬರೆದಿದ್ದಳು. 1991ರಲ್ಲಿ ಯುಗೊಸ್ಲಾವಿಯದಿಂದ ಬೇರೆಯಾದ ಈ ದೇಶದ ವಿಸ್ತೀರ್ಣವು ಸುಮಾರು 20,000 ಚದರ ಕಿಲೋಮೀಟರು ಮಾತ್ರ. ಮುಂಜಾನೆ ಆಲ್ಪ್ಸ್ ಪರ್ವತದ ತಪ್ಪಲಲ್ಲಿ ಎದ್ದವರು ಸಂಜೆಗೆ ಆಡ್ರಿಯಾಟಿಕ್ ಸಮುದ್ರದ ದಂಡೆಯಲ್ಲಿರಬಹುದಂತೆ. ಎಲ್ಲರೂ ಇಟಲಿಗೆ ಓಡುವರು, ನಾವು ಅದರ ಮಗ್ಗುಲಲ್ಲಿ ಯಾರೂ ಕೇಳದ ಈ ನಾಡಿಗೆ ಹೋದದ್ದೇ ಲೇಸಾಯಿತು ಎಂದು ಅವಳು ಮುಗಿಸಿದ್ದಳು.

ಆ ಪತ್ರವನ್ನು ನಾನು ನಮ್ಮ ಅವ್ವನಿಗೆ ಓದಿ ಹೇಳಿದೆನು. ಎಂಬತ್ತೆರಡು ವರ್ಷದ ಅವ್ವನು ಎಲ್ಲವನ್ನೂ ಕೇಳಿ, "ಇದರಾಗ ಹೊಸದೇನೈತಿ? ನಮ್ಮಪ್ಪ ಹುಲಿಗಿ ಜಾತ್ರಿಗೆ ನಮ್ಮನ್ನ ಹಿಂಗ ಕರಕೊಂಡು ಹೋಗತಿದ್ದ. ಬಂಡ್ಯಾಗ ಮಲಗೂದು, ಬಂಡಿ ಬುಡಕ ಉಣ್ಣೂದು" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಕರಕೊಂಡು ಹೋಗತೀನಿ ಅಂತ ಅಂದು ಎಷ್ಟು ವರ್ಷ ಆತು?" ಎಂದು ಕೇಳಿದಳು.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವ್ವನ ತವರೂರು ತುಂಗಭದ್ರೆಯ ಎಡದಂಡೆಯಲ್ಲಿ, ಹುಲಿಗಿಗೆ ಎತ್ತಿನ ಬಂಡಿಯಲ್ಲಿ ಒಂದು ಹಗಲಿನ ದಾರಿಯಲ್ಲಿತ್ತು. ಇತ್ತು ಎಂದು ಬರೆಯುವದೇ ಸರಿ. ಹೈದರಾಬಾದ ಮತ್ತು ಮದ್ರಾಸು ಸರಕಾರಗಳು ಕೂಡಿ 1945ನೆಯ ಫೆಬ್ರುವರಿ 28ರಂದು ಅಡಿಗಲ್ಲನ್ನಿಟ್ಟ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಿದವು. ಅವುಗಳಲ್ಲಿ ಅದೂ ಒಂದು. ಆಗ ಅವ್ವನಿಗೆ ಹನ್ನೊಂದು ವರ್ಷ. ಕನ್ನಡ ಸಾಲೆಯ ಮೂರನೆಯ ಇಯತ್ತೆಯಲ್ಲಿದ್ದಳು. ದಂಡೆಯ ಮೇಲೆ ಎಬ್ಬಿಸಿದ ಹೊಸ ಊರಿಗೆ ಕೆಲವು ವರ್ಷ ಸಾಲೆಯೇ ಬರಲಿಲ್ಲ. ಬಂದಾಗ ಅವ್ವನ ಮದುವೆಯಾಗಿ ಹೋಗಿತ್ತು. ಊರಿನೊಡನೆ ತನ್ನ ಓದೂ ನೀರಿಗೆ ಹೋಯಿತೆಂದು ಅವಳು ಆಗಾಗ ಹೇಳುವದುಂಟು. ನನ್ನನ್ನು ನಮ್ಮ ಶಾಲೆಯ ವಸತಿಗೃಹಕ್ಕೆ ಸೇರಿಸುವಾಗ ಅವಳು ತನ್ನ ಬೆಳ್ಳಿಯ ಡಾಬನ್ನು ಮಾರಿದ ಸಂಗತಿಯು ನನಗೆ ಬಹಳ ವರ್ಷಗಳ ತರುವಾಯ ತಿಳಿಯಿತು.

ಬೇಸಿಗೆಯಲ್ಲಿ ಜಲಾಶಯವು ಬತ್ತಿದಾಗ ಹಳೆಯ ಊರುಗಳ ತಳಪಾಯಗಳು ಹೊರಬೀಳುತ್ತವೆಂದು ಕೇಳಿ, ಒಮ್ಮೆ ನೋಡಬೇಕೆಂಬುದೇ ಅವಳ ಆಸೆಯಾಗಿತ್ತು. ನಾನು ಪರೀಕ್ಷೆಯ ಕಾಗದಗಳು, ಮದುವೆಗಳು, ಬಿಸಿಲು ಎಂದು ನೆವಗಳನ್ನು ಹೇಳುತ್ತ ಇಪ್ಪತ್ತು ಬೇಸಿಗೆಗಳನ್ನು ಕಳೆದೆನು. ಇಷ್ಟರಲ್ಲಿ ಅವಳ ಮೊಣಕಾಲುಗಳು ಸೋತವು. ಬಸ್ಸಿನ ಮೆಟ್ಟಲನ್ನು ಏರಲಾರಳು. ರಾತ್ರಿ ನಾಲ್ಕೈದು ಸಲ ಏಳಬೇಕು. ಪರರ ಮನೆಯಲ್ಲಿ ತೊಂದರೆ ಕೊಡುವದಕ್ಕೆ ಅವಳಿಗೆ ನಾಚಿಕೆ. ಇಂಥವರನ್ನು ಕರೆದುಕೊಂಡು ಹೋಗಿ ಏನಾದರೂ ಆದರೆ ಯಾರು ಹೊಣೆ ಎಂದು ತಮ್ಮನ ಹೆಂಡತಿಯು ಕೇಳಿದ್ದು ಅನ್ಯಾಯವಾಗಿರಲಿಲ್ಲ. ಆದರೆ 2023ರಲ್ಲಿ ಮಳೆಯು ತಪ್ಪಿ ನಾಡೆಲ್ಲ ಬರಗಾಲವಾಗಿತ್ತು. ಮುಂದಿನ ಬೇಸಿಗೆಯಲ್ಲಿ ಜಲಾಶಯದ ತಳ ಕಾಣುತ್ತಿದೆಯೆಂಬ ಸುದ್ದಿ ಬಂದಿತು. ಇನ್ನೊಮ್ಮೆ ಇಂಥ ಬತ್ತುವಿಕೆ ಬರುವ ವರೆಗೆ ಅವ್ವನು ಇರುವಳೇ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ, ಎಲ್ಲರೂ ಬಲ್ಲೆವು.

ನನ್ನ ಸೋದರಳಿಯನು ಶಾಲೆಯ ಮಕ್ಕಳನ್ನು ಒಯ್ಯುವ ಒಂದು ಹಳೆಯ ಟೆಂಪೋ ಟ್ರಾವೆಲರನ್ನು ಇಟ್ಟುಕೊಂಡಿರುವನು. ಮೇ ತಿಂಗಳ ಸೂಟಿಯಲ್ಲಿ ಅದು ಬಾಗಿಲಲ್ಲಿ ನಿಂತೇ ಇರುವದು. "ಅತ್ತೀ, ಆಯೀನ ಹಾಸಿಗಿ ಸಮೇತ ಎತ್ತಿಕೊಂಡು ಹೋಗೂಣು" ಎಂದು ಅವನೇ ಉಪಾಯವನ್ನು ಹೇಳಿದನು. ಹಿಂದಿನ ಆಸನಗಳನ್ನು ಬಿಚ್ಚಿ, ಹಲಗೆಯ ಮಂಚವೊಂದನ್ನು ಬಿಗಿದು, ಅರಳೆಯ ಗಾದಿಯನ್ನು ಹಾಕಿದೆವು. ಸಣ್ಣ ಸಿಲಿಂಡರಿನ ಒಲೆ, ನೀರಿನ ಎರಡು ಕ್ಯಾನು, ಪರದೆಯ ಹಿಂದೆ ಮುದುಕರಿಗೆ ಬೇಕಾಗುವ ಶೌಚದ ಕುರ್ಚಿ, ಏರಿ ಇಳಿಯಲು ಒಂದು ಮಣೆ ಹಾಗೂ ಹಿಡಿಯಲು ಹಗ್ಗ, ಇಷ್ಟೇ ನಮ್ಮ ಸಿದ್ಧತೆ. ಅವ್ವನು ಅದನ್ನು ಮನೆಬಂಡಿ ಎಂದು ಕರೆದಳು.

ಹುಲಿಗಿಯ ಸೀಮೆಯನ್ನು, ಎಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಭಾಗವನ್ನು, ಇಂಥ ಬಂಡಿಯಲ್ಲಿಯೇ ನೋಡಬೇಕೆಂಬುದಕ್ಕೆ ನಾನು ಕಂಡ ಕಾರಣಗಳನ್ನು ಇನ್ನು ಹೇಳುವೆನು.

ಮೊದಲನೆಯದು, ಈ ಸೀಮೆಯು ಹೆಸರಾಗದ ಸೀಮೆ. ಹೊಳೆಯ ಆಚೆಯ ದಂಡೆಯಲ್ಲಿ ಹಂಪೆಯಿರುವದರಿಂದ ಲೋಕವೆಲ್ಲ ಅಲ್ಲಿಗೆ ಹೋಗಿ ಅಲ್ಲಿಂದಲೇ ತಿರುಗುವದು. ಆದರೆ ಕವಿರಾಜಮಾರ್ಗದ ಕಾಲಕ್ಕೆ, ಎಂದರೆ ಒಂಬತ್ತನೆಯ ಶತಮಾನದಲ್ಲಿಯೇ, ಕನ್ನಡದ ತಿರುಳು ಎನಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಇಲ್ಲಿಯ ಒಳ್ಳೆಯ ಸ್ಥಳಗಳು ಹೆದ್ದಾರಿಯಿಂದ ಒಳಗೆ, ಹಳ್ಳಿಗಳ ನಡುವೆ ಚದರಿಕೊಂಡಿವೆ. ಅವುಗಳ ಹತ್ತಿರ ಇಳಿದುಕೊಳ್ಳಲು ವಸತಿಗೃಹಗಳು ಅಪರೂಪ. ಬಂಡಿಯೇ ಮನೆಯಾದವರಿಗೆ ಈ ಚಿಂತೆಯಿಲ್ಲ.

ಎರಡನೆಯದು ಬಿಸಿಲು. ಈ ನಾಡಿನಲ್ಲಿ ಹೊತ್ತನ್ನು ನಾವು ಆಳಬೇಕಲ್ಲದೆ ಹೊತ್ತು ನಮ್ಮನ್ನು ಆಳಬಾರದು. ನಾವು ನಸುಕಿನ ನಾಲ್ಕು ಗಂಟೆಗೆ ಗದಗನ್ನು ಬಿಟ್ಟು, ಲಕ್ಕುಂಡಿಯನ್ನು ದಾಟಿ, ಬನ್ನಿಕೊಪ್ಪದಲ್ಲಿ ಹೊರಳಿ, ಸೂರ್ಯನು ಏಳುವಾಗ ಇಟಗಿಯ ಮಹಾದೇವ ದೇವಾಲಯದ ಮುಂದಿದ್ದೆವು. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಇದನ್ನು ಕಟ್ಟಿಸಿದನು. ಅಲ್ಲಿಯ ಶಾಸನವು ಇದನ್ನು ದೇವಾಲಯ ಚಕ್ರವರ್ತಿಯೆಂದು ಕರೆದದ್ದು ಅತಿಶಯೋಕ್ತಿಯಲ್ಲವೆಂದು ಆ ಎಳೆಬಿಸಿಲಿನಲ್ಲಿ ಬಳಪದ ಕಲ್ಲಿನ ಕಂಬಗಳು ಹೊಳೆಯುವದನ್ನು ನೋಡಿದವರು ಒಪ್ಪುವರು. ಸಮನೆಲವಾದ್ದರಿಂದ ಅವ್ವನೂ ನನ್ನ ತೋಳನ್ನು ಹಿಡಿದು ಒಂದು ಸುತ್ತು ಬಂದಳು. ಅಲ್ಲಿಂದ ಕುಕನೂರಿಗೆ ಹೋಗಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳನ್ನು ನೋಡಿಕೊಂಡು, ಹನ್ನೊಂದು ಗಂಟೆಗೆ ಒಂದು ಹುಣಸೆಯ ಮರದ ನೆರಳಿನಲ್ಲಿ ಬಂಡಿಯನ್ನು ನಿಲ್ಲಿಸಿ, ಪುಂಡಿಪಲ್ಲೆ ರೊಟ್ಟಿಗಳನ್ನುಂಡು, ನಾಲ್ಕರ ವರೆಗೆ ಮಲಗಿದೆವು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡುಬಂದಿತು. ಇಂಥ ಪ್ರಯಾಣದಲ್ಲಿ ಏರಲಾರದವರು ಹಿಂದುಳಿದವರಾಗುವದಿಲ್ಲ. ಮರುದಿನ ಕೊಪ್ಪಳದ ಗವಿಮಠದ ಬೆಟ್ಟದ ಮೇಲೆ, ಛತ್ರಿಯಂತೆ ಚಾಚಿದ ಬಂಡೆಯ ಕೆಳಗಿರುವ ಅಶೋಕನ ಶಾಸನವನ್ನು ನೋಡಲು ನಾನೂ ಅಳಿಯನೂ ಹೋದೆವು. ಜನವರಿಯ ಜಾತ್ರೆಗೆ ಲಕ್ಷಾಂತರ ಜನರು ಕೂಡುವ ಈ ಊರಿನಲ್ಲಿ ಆ ಬಂಡೆಯ ಹತ್ತಿರ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ. ಇದೇ ಊರಿನಲ್ಲಿ ಪಲ್ಲಕ್ಕಿಯಂಥ ಪಾಲ್ಕಿಗುಂಡಿನ ಮೇಲೆಯೂ ಇದೇ ಶಾಸನವಿದೆ. ಎರಡೂ 1931ರಲ್ಲಿ ಬೆಳಕಿಗೆ ಬಂದವು. ದೊಡ್ಡವರಷ್ಟೇ ಅಲ್ಲದೆ ಸಣ್ಣವರೂ ಪ್ರಯತ್ನದಿಂದ ಮೇಲಾದ ಪದವಿಯನ್ನು ಪಡೆಯಬಲ್ಲರೆಂಬುದು ಅದರ ತಾತ್ಪರ್ಯ. ನಾವು ಇಳಿದು ಬರುವಷ್ಟರಲ್ಲಿ ಅವ್ವನು ಬಂಡಿಯ ಬಾಗಿಲಲ್ಲಿ ಕುಳಿತು, ದಾರಿಯಲ್ಲಿ ಹೋಗುವ ಇಬ್ಬರು ಹೆಣ್ಣುಮಕ್ಕಳನ್ನು ಕರೆದು ಚಹಾ ಕೊಟ್ಟು, ಅವರ ಮನೆತನದ ಚರಿತ್ರೆಯನ್ನೆಲ್ಲ ತಿಳಿದುಕೊಂಡಿದ್ದಳು. ನಾವು ಎರಡು ಸಾವಿರ ವರ್ಷಕ್ಕಿಂತಲೂ ಹಿಂದಿನ ಸುದ್ದಿಯನ್ನು ತಂದೆವು. ಅವಳು ಆ ದಿನದ ಸುದ್ದಿಯನ್ನು ಗಳಿಸಿದ್ದಳು.

ನಾಲ್ಕನೆಯದು, ಅವಸರವಿಲ್ಲದಿರುವದು. ಕಿನ್ನಾಳದಲ್ಲಿ ಚಿತ್ರಗಾರರ ಓಣಿಯಲ್ಲಿ ನಾವು ಅರ್ಧ ದಿನ ಕುಳಿತೆವು. ಹಗುರವಾದ ಕಟ್ಟಿಗೆಯನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ತುಂಡುಗಳನ್ನು ಜೋಡಿಸಿ, ಮೇಲೆ ಲೇಪವನ್ನು ಕೊಟ್ಟು ಒಣಗಿಸಿ, ಆ ಮೇಲೆ ಬಣ್ಣವನ್ನು ಹಚ್ಚುವರು. ಒಂದೊಂದು ಹಂತವೂ ಒಣಗುವದಕ್ಕಾಗಿ ಕಾಯಬೇಕು. ಬಸ್ಸಿನ ವೇಳೆಯನ್ನು ನೋಡುವವನಿಗೆ ಈ ಕಲೆಯು ಅಂಗಡಿಯ ಗೊಂಬೆಯಾಗಿ ಮಾತ್ರ ಕಾಣುವದು. ಅವ್ವನು ಒಂದು ಜೋಡಿ ಎತ್ತುಗಳನ್ನು ಕೊಂಡಳು.

ಹುಣ್ಣಿಮೆಯ ಸಂಜೆ ಹುಲಿಗಿಯನ್ನು ಸೇರಿದೆವು. ಮುನಿರಾಬಾದ ಸ್ಟೇಶನ್ನಿನ ಹತ್ತಿರದಲ್ಲಿ, ಅಣೆಕಟ್ಟಿನ ಕೆಳಗೆ, ಹೊಳೆಯ ದಂಡೆಯಲ್ಲಿ ಹುಲಿಗೆಮ್ಮನ ಗುಡಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ಇಲ್ಲಿ ಕಾಲಿಡಲು ಸ್ಥಳವಿರುವದಿಲ್ಲ. ಬಯಲಿನಲ್ಲಿ ನೋಡುವದೇನು! ಟ್ರ್ಯಾಕ್ಟರುಗಳ ಟ್ರೇಲರುಗಳಿಗೆ ತಾಡಪತ್ರಿಯನ್ನು ಕಟ್ಟಿ, ಒಳಗೆ ಜಮಖಾನವನ್ನು ಹಾಸಿ, ಮೂರು ಕಲ್ಲಿನ ಒಲೆಗಳನ್ನು ಹೂಡಿ, ಸಾವಿರಾರು ಸಂಸಾರಗಳು ಇಳಿದಿದ್ದವು. ಕೆಲವು ಎತ್ತಿನ ಬಂಡಿಗಳೂ ಇದ್ದವು. ನಮ್ಮ ಮನೆಬಂಡಿಯನ್ನು ಯಾರೂ ತಿರುಗಿ ನೋಡಲಿಲ್ಲ. ಅಲ್ಲಿ ಅದು ಹತ್ತರಲ್ಲಿ ಹನ್ನೊಂದನೆಯದು. ಸ್ಲೊವೇನಿಯಾದಲ್ಲಿ ಗೊತ್ತುಪಡಿಸಿದ ಬಿಡಾರಗಳ ಹೊರತು ಬೇರೆಡೆಯಲ್ಲಿ ವಾಹನವನ್ನು ನಿಲ್ಲಿಸಿ ಮಲಗಲು ಅನುಮತಿಯಿಲ್ಲವಂತೆ. ಇಲ್ಲಿ ಬಲಗಡೆಯ ಟ್ರೇಲರಿನವರು "ಇಲ್ಲೇ ನಿಂದರಸರಿ, ಯಕ್ಕಾ" ಎಂದು ತಾವೇ ಸರಿದು ಜಾಗ ಕೊಟ್ಟರು. ರಾತ್ರಿ ಅವ್ವನು ಮೂರು ಸಲ ಎದ್ದಳು. ಮೂರು ಸಲವೂ ಯಾರ ಮುಂದೆಯೂ ತಲೆ ತಗ್ಗಿಸುವ ಪ್ರಸಂಗ ಬರಲಿಲ್ಲ. ಹೆಂಗಸರಿಗೂ ಮುದುಕರಿಗೂ ಪ್ರವಾಸದಲ್ಲಿ ಇರುವ ನಿಜವಾದ ಅಡಚಣೆ ಯಾವದೆಂಬುದನ್ನು ನಾವು ಬಾಯಿಬಿಟ್ಟು ಬರೆಯುವದಿಲ್ಲ. ಬರೆಯಬೇಕೆಂದೇ ಇಲ್ಲಿ ಬರೆದಿದ್ದೇನೆ. ಇದೇ ಐದನೆಯ ಕಾರಣ.

ಮರುದಿನ ಜಲಾಶಯದ ಹಿನ್ನೀರಿನ ಕಡೆಗೆ ಹೋದೆವು. ನೀರು ಹಿಂದೆ ಸರಿದ ನೆಲದಲ್ಲಿ ಕೆಲವರು ಬೆಳೆ ತೆಗೆಯುತ್ತಾರೆ. ಅವರ ಟ್ರ್ಯಾಕ್ಟರಿನ ಜಾಡನ್ನು ಹಿಡಿದು ಅಳಿಯನು ಬಂಡಿಯನ್ನು ಇಳಿಸಿದನು. ಇದು ಅವಿವೇಕವಾಯಿತು. ಮೇಲೆ ಒಣಗಿ ಬಿರುಕುಬಿಟ್ಟ ಹೂಳಿನ ಕೆಳಗೆ ಹಸಿಯ ಕೆಸರಿತ್ತು. ಹಿಂದಿನ ಗಾಲಿಗಳು ಮೊಳದಷ್ಟು ಹುಗಿದವು. ಬಿಸಿಲು ಏರುತ್ತಿತ್ತು, ಒಳಗೆ ಅವ್ವನಿದ್ದಳು. ತಮ್ಮನ ಹೆಂಡತಿಯ ಮಾತು ಆಗ ನೆನಪಾಗಿ, ನನ್ನ ಎದೆಯು ಡವಗುಟ್ಟಿತು. ದೂರದಲ್ಲಿ ಕಂಡ ಟ್ರ್ಯಾಕ್ಟರಿನವನು ಬಂದು ಹಗ್ಗ ಕಟ್ಟಿ ಎಳೆಯುವದಕ್ಕೆ ಒಂದು ಗಂಟೆ ಹಿಡಿಯಿತು. ಅವನು ಹಣ ಮುಟ್ಟಲಿಲ್ಲ. ಇಂಥ ಬಂಡಿಯಲ್ಲಿ ಹೊರಡುವವರು ಗಟ್ಟಿ ರಸ್ತೆಯನ್ನು ಬಿಟ್ಟಿಳಿಯುವ ಮುಂಚೆ ಕಾಲಿನಿಂದ ನೆಲವನ್ನು ಪರೀಕ್ಷಿಸತಕ್ಕದ್ದು. ಕುಡಿಯುವ ನೀರನ್ನು ಬೇಕಾದುದರ ಎರಡರಷ್ಟು ಒಯ್ಯತಕ್ಕದ್ದು. ಹಳ್ಳಿಯಲ್ಲಿ ನಿಲ್ಲುವಾಗ ಹಿರಿಯರೊಬ್ಬರನ್ನು ಕೇಳಿಯೇ ನಿಲ್ಲತಕ್ಕದ್ದು. ನಮ್ಮ ಕಸವನ್ನು ನಾವೇ ಮರಳಿ ತರತಕ್ಕದ್ದು.

ಮುಂದೆ ಸ್ವಲ್ಪ ಎತ್ತರದ ದಿನ್ನೆಯ ಮೇಲೆ ಸಾಲಾಗಿ ಕಲ್ಲುಗಳು, ಒಂದು ಮುರಿದ ಒರಳು, ಕಟ್ಟೆಯ ಗುರುತು ಕಂಡವು. ಅಣೆಕಟ್ಟು ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ. ಮಾತ್ರ ಹಿಡಿಯುವದು. ಎಷ್ಟೋ ಊರುಗಳು ನೀರಿನ ಕೆಳಗೆ ಅಷ್ಟೇ ಅಲ್ಲ, ಆ ಮಣ್ಣಿನ ಕೆಳಗೂ ಹೋಗಿವೆ. ಅವ್ವನು ಕುರ್ಚಿಯ ಮೇಲೆ ಕುಳಿತು ಬಹಳ ಹೊತ್ತು ನೋಡಿ, "ಇದು ಸಾಲಿ ಮುಂದಿನ ಕಟ್ಟಿ" ಎಂದಳು. ಬಲೆಯನ್ನು ಬಿಡಿಸುತ್ತಿದ್ದ ಮೀನುಗಾರನೊಬ್ಬನು, "ಅಲ್ಲ ಬಿಡಬೇ, ಅದು ಬ್ಯಾರೆ ಊರಿಂದು. ನಿಮ್ಮೂರು ಇನ್ನೂ ನೀರಾಗೈತಿ" ಎಂದು ಕೈಮಾಡಿ ತೋರಿಸಿದನು. ಅವ್ವನು ಅವನನ್ನು ಮೇಲಿನಿಂದ ಕೆಳಗೆ ನೋಡಿ, "ನೀ ಹುಟ್ಟಿದ್ದು ನೀರು ಬಂದ ಮ್ಯಾಲೆ. ನಿನಗೇನು ಗೊತ್ತು?" ಎಂದಳು. ಇಬ್ಬರಲ್ಲಿ ಯಾರ ಮಾತು ನಿಜವೆಂಬುದನ್ನು ನಾನು ಹೇಳಲಾರೆನು. ಅವ್ವನು ಆ ಕಟ್ಟೆಯ ಕಡೆಗೆ ಹೋಗಬೇಕೆಂದು ಹಟ ಹಿಡಿಯಲಿಲ್ಲ, ಅಳಲೂ ಇಲ್ಲ. ಸಂಜೆಯ ವರೆಗೆ ಅಲ್ಲಿಯೇ ಕುಳಿತಳು. ಅಡಿಗೆ ಅಲ್ಲಿಯೇ ಆಯಿತು. ರಾತ್ರಿಯೂ ಹತ್ತಿರದ ದಂಡೆಯ ಮೇಲೆಯೇ ಕಳೆಯಿತು. ಕಾರನ್ನು ಬಾಡಿಗೆಗೆ ಹಿಡಿದು ಹೋಗಿದ್ದರೆ ಅರ್ಧ ತಾಸಿನಲ್ಲಿ ಚಾಲಕನು ಹಾರ್ನು ಬಾರಿಸುತ್ತಿದ್ದನು. ಒಬ್ಬರ ನೆನಪಿಗೆ ಬೇಕಾದಷ್ಟು ಹೊತ್ತನ್ನು ಕೊಡಬಲ್ಲದೆಂಬುದೇ ಆರನೆಯ ಕಾರಣ. ಇದಕ್ಕಿಂತ ದೊಡ್ಡದನ್ನು ನಾನರಿಯೆನು.

ಉಳಿದುದನ್ನು ಸಂಕ್ಷೇಪವಾಗಿ ಹೇಳುವೆನು. ಗಂಗಾವತಿಯ ಕಡೆಗೆ ಹೊರಳಿದೊಡನೆ ನಾಡೇ ಬೇರೆಯಾಗುವದು. ಕುಷ್ಟಗಿ, ಯಲಬುರ್ಗಾಗಳ ರೈತರು ಮುಗಿಲನ್ನು ನೋಡಿದರೆ ಇಲ್ಲಿಯವರು ಎಡದಂಡೆಯ ಕಾಲುವೆಯನ್ನು ನೋಡುವರು. ಮೈಲುಗಟ್ಟಲೆ ಭತ್ತದ ಗದ್ದೆಗಳು, ಅಕ್ಕಿಯ ಗಿರಣಿಗಳು. ಬೇಸಿಗೆಯಾದ್ದರಿಂದ ಗದ್ದೆಗಳು ಒಣಗಿದ್ದರೂ ಆ ಬದುಗಳ ಸಾಲನ್ನು ನೋಡಿ ಅವ್ವನು, "ನಮ್ಮೂರ ನೀರು ಇಲ್ಲಿಗೆ ಬಂತು" ಎಂದು ಒಂದೇ ಮಾತು ಆಡಿದಳು. ಆನೆಗುಂದಿಯಲ್ಲಿ ಹೊಳೆಯ ನಡುಗಡ್ಡೆಯ ನವಬೃಂದಾವನವನ್ನೂ, ಹರಿಗೋಲುಗಳನ್ನೂ ದಂಡೆಯಿಂದಲೇ ನೋಡಿದೆವು. ಕೊನೆಯ ದಿನ ನಸುಕಿನಲ್ಲಿ ನಾನು ಅಳಿಯನೊಡನೆ ಹಿರೇಬೆಣಕಲ್ಲಿನ ಗುಡ್ಡವನ್ನು ಹತ್ತಿದೆನು. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಮುಚ್ಚಿ, ಮುಂದಿನ ಕಲ್ಲಿನಲ್ಲಿ ಗುಂಡಾದ ಕಿಂಡಿಯನ್ನು ಕೊರೆದ ನೂರಾರು ಕಲ್ಮನೆಗಳು ಅಲ್ಲಿವೆ. ಜನರು ಮೋರ್ಯರ ಮನೆಗಳೆನ್ನುವರು. ಪಂಡಿತರು ಬೃಹತ್ ಶಿಲಾಯುಗದವರ ಸ್ಮಾರಕಗಳೆನ್ನುವರು. 2021ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದೆ. ನಗಾರಿಯಾಕಾರದ ಒಂದು ದೊಡ್ಡ ಕಲ್ಲನ್ನು ಅಳಿಯನು ಸಣ್ಣ ಕಲ್ಲಿನಿಂದ ಮುಟ್ಟಿದಾಗ ಅದು ನಾದಗೊಟ್ಟಿತು. ಕೆಳಗೆ ಬಂಡಿಯಲ್ಲಿದ್ದ ಅವ್ವನಿಗೆ ಅದು ಕೇಳಿಸಲಿಲ್ಲ. ಅವಳು ನಮಗಾಗಿ ಉಪ್ಪಿಟ್ಟನ್ನು ಮಾಡುವದರಲ್ಲಿದ್ದಳು.

ನಾವು ಮನೆಗೆ ಬಂದ ಮೂರು ತಿಂಗಳೊಳಗೆ ಜಲಾಶಯವು ತುಂಬಿತು. ಅದೇ ವರ್ಷ ಆಗಸ್ಟ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಹರಿದು ಕೊಚ್ಚಿಹೋದ ಸುದ್ದಿಯನ್ನು ತಾವೆಲ್ಲರೂ ಓದಿರಬಹುದು. ನೀರು ಹೊಳೆಗೆ ನುಗ್ಗುತ್ತಿತ್ತು. ತನ್ನ ಊರನ್ನು ನುಂಗಿದ ನೀರು ಹೋದರೆ ಹೋಗಲಿ ಎಂದು ಅವ್ವನು ಅಂದಾಳೆಂದು ನಾನೆಣಿಸಿದ್ದೆನು. ಅವಳಾದರೋ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ನಮ್ಮೂರು ಮುಳುಗಿಸಿ ನಿಂದರಿಸಿದ ನೀರು, ಹಂಗ ಸುಮ್ಮನ ಹರದು ಹೋಗಬಾರದು" ಎಂದಳು. ವಾರದೊಳಗೆ ಆ ಬಾಗಿಲಿಗೆ ತಾತ್ಕಾಲಿಕ ತಡೆಯನ್ನು ಕೂಡಿಸಿದರೆಂದು ಓದಿ ಹೇಳಿದಾಗಲೇ ಅವಳಿಗೆ ಸಮಾಧಾನವಾಯಿತು. ಅವಳ ಮನಸ್ಸನ್ನು ನಾನು ಇಷ್ಟು ವರ್ಷಗಳ ತರುವಾಯ ಸ್ವಲ್ಪ ಅರಿತದ್ದು ಆ ಐದು ರಾತ್ರಿಗಳ ಫಲವೆಂದೇ ನಂಬಿದ್ದೇನೆ.

ಆ ದಂಡೆಯ ಮೇಲಿನ ರಾತ್ರಿಯ ಒಂದು ಮಾತನ್ನು ಬರೆದು ಮುಗಿಸುವೆನು. ದೀಪವನ್ನಾರಿಸಿದ ಮೇಲೆ ಅವ್ವನು ಕತ್ತಲೆಯಲ್ಲಿ, "ನಿನ್ನ ಸಾಲಿ ಇನ್ನೂ ಐತೇನು?" ಎಂದು ಕೇಳಿದಳು. "ಐತಿ ಅವ್ವಾ" ಎಂದೆನು. "ಕಟ್ಟಡಾ ಅದೇ ಐತಿ?" "ಅದೇ ಐತಿ." "ನೀ ಹೋಗಿ ನೋಡಿ ಎಷ್ಟು ವರ್ಷ ಆತು?" ಈ ಪ್ರಶ್ನೆಗೂ ನಾನು ಸುಮ್ಮನಾಗಬೇಕಾಯಿತು. "ಇರೂತನಕ ನೋಡಿ ಬಾ" ಎಂದು ಹೇಳಿ ಅವಳು ಮಗ್ಗುಲಾದಳು.

ಸೋದರಿಯರೇ, ಈ ವರ್ಷದ ಸಮ್ಮೇಳನಕ್ಕೆ ನಾನು ಬರುತ್ತೇನೆ. ಅವ್ವನನ್ನೂ ಮನೆಬಂಡಿಯಲ್ಲಿ ಕರೆತರುವ ವಿಚಾರವಿದೆ. ಅಂಗಳದ ಬೇವಿನ ಮರದ ಕೆಳಗೆ ಸ್ವಲ್ಪ ಜಾಗವನ್ನು ಇಟ್ಟಿರಬೇಕೆಂದು ಪ್ರಾರ್ಥನೆ.